ಶನಿಮಹಾತ್ಮನ ಊರಲ್ಲಿ ಸೂರ್ಯನ ಕರೆಂಟು

ಪಾವಗಡ ಅಂದರೆ ನಾಡಿನ ಬಹುಮಂದಿಗೆ ಶನಿಮಹಾತ್ಮ. ಶ್ರಾವಣದ ಶನಿವಾರಗಳಲ್ಲಂತೂ ಇಲ್ಲಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಶನಿಯ ಅಪ್ಪನೇ ಸೂರ್ಯ. ಪುರಾಣದಲ್ಲಿ ಅಪ್ಪ-ಮಗನಿಗೆ ಅಷ್ಟಕ್ಕಷ್ಟೆ. ತಾಲ್ಲೂಕಿನ ರೈತರಿಗೂ ಸೂರ್ಯ ಬಹುಕಾಲ ಕಡಲೆಕಾಯಿ ಬಳ್ಳಿ ಒಣಗಿಸಿದವನೇ. ಈಗ ಅವನ ದೆಸೆಯಿಂದಲೇ ಹಲವರ ಬ್ಯಾಂಕ್ ಖಾತೆಗೆ ದುಡ್ಡು ಬೀಳುತ್ತಿದೆ.

ಮೂರು ಕಡೆ ಆಂಧ್ರ ಸುತ್ತುವರಿದ, ಮನೆಮಾತಾಗಿ ತೆಲುಗೇ ಹೆಚ್ಚು ಕೇಳಿಸುವ ತುಮಕೂರು ಜಿಲ್ಲೆಯ ಈ ಮೂಲೆಯಲ್ಲಿ ಮಳೆ ಕಡಿಮೆ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೆಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ. ಇಂಥ ಸೀಮೆಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹಬ್ಬಿಕೊಂಡಿದೆ. 2018ರ ಮಾರ್ಚ್‌ನಲ್ಲಿ ‘ಶಕ್ತಿ ಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಸಾಮರ್ಥ್ಯ 2,050 ಮೆಗಾವಾಟ್. ಶರಾವತಿ ವಿದ್ಯುದಾಗಾರದ್ದು 1,035. ದೂರದಿಂದ ನೋಡಿದರೆ ಪಾರ್ಕಿನ ಸೋಲಾರ್ ಫಲಕಗಳು ತುಂಬಿದ ಕೆರೆಯಂತೆ ಕಾಣುತ್ತವೆ. ನೀರಿಲ್ಲದ ಸೀಮೆಯೊಡನೆ ಯಾರೋ ಕುಚೋದ್ಯ ಮಾಡಿದಂತಿದೆ.

ಇಲ್ಲಿ ತಿರುಗುವ ಚಕ್ರವಿಲ್ಲ, ಉರಿಯುವ ಕಲ್ಲಿದ್ದಲಿಲ್ಲ. ಬೆಳಕು ಬಿದ್ದಾಗ ಸಿಲಿಕಾನ್ ಬಿಲ್ಲೆಯೊಳಗಿನ ಎಲೆಕ್ಟ್ರಾನುಗಳು ಸಡಿಲಗೊಂಡು ಹರಿಯುತ್ತವೆ. ಹೀಗೆ ಹುಟ್ಟುವ ನೇರ ವಿದ್ಯುತ್ತನ್ನು ಇನ್ವರ್ಟರುಗಳು ನಮ್ಮ ಮನೆಗೆ ಹೊಂದುವ ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತವೆ. ಟ್ರಾನ್ಸ್‌ಫಾರ್ಮರುಗಳು ಅದರ ಒತ್ತಡವನ್ನು ಹಂತಹಂತವಾಗಿ 220, ಆಮೇಲೆ 400 ಕಿಲೋವೋಲ್ಟಿಗೆ ಏರಿಸಿ ಗ್ರಿಡ್‌ಗೆ ದಾಟಿಸುತ್ತವೆ. ಸುಡುಬಿಸಿಲೇ ಇದಕ್ಕೆ ಬೇಕು ಎಂಬುದು ತಪ್ಪು ತಿಳಿವಳಿಕೆ. ಬೇಕಾದ್ದು ಬೆಳಕು, ಕಾವಲ್ಲ. ಫಲಕ ಕಾದಷ್ಟೂ ಉತ್ಪಾದನೆ ತುಸು ಇಳಿಯುತ್ತದೆ. ಧೂಳು ಇನ್ನೊಂದು ಶತ್ರು. ಫಲಕಗಳನ್ನು ಆಗಾಗ ತೊಳೆಯಬೇಕು, ಒರೆಸಬೇಕು, ಅದೂ ನೀರಿಗೆ ತತ್ವಾರವಿರುವ ಕಡೆ.

ಯಂತ್ರಕ್ಕಿಂತ ನನಗೆ ಹೊಸದೆನಿಸುವುದು ಇಲ್ಲಿಯ ಕರಾರು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗೆ ನೆಲ ಬಿಟ್ಟುಕೊಟ್ಟವರ ಪಾಡು ನಮಗೆ ಗೊತ್ತೇ ಇದೆ. ಪಾವಗಡದಲ್ಲಿ ಭೂಸ್ವಾಧೀನದ ಗೋಜಿಗೇ ಹೋಗಲಿಲ್ಲ. ಇದಕ್ಕೆಂದೇ ಹುಟ್ಟಿದ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್, ರೈತರ ಜಮೀನನ್ನು ಗುತ್ತಿಗೆಗೆ ಹಿಡಿದು ವಿದ್ಯುತ್ ಕಂಪನಿಗಳಿಗೆ ಪಾಲು ಹಾಕಿಕೊಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಮಳೆ ನಂಬಿ ಬಿತ್ತಿದರೆ ಕೈಗೆ ಬರುವುದು ಅನುಮಾನವೇ ಆಗಿದ್ದ ನೆಲಕ್ಕೆ ಇದು ಸಣ್ಣ ಮಾತಲ್ಲ. ಹತ್ತು ಎಕರೆ ಇದ್ದವರು ನೆಮ್ಮದಿಯಾಗಿದ್ದಾರೆ.

ಎಕರೆಯೇ ಇಲ್ಲದವರು? ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಹೋಗುತ್ತಿದ್ದ ಕೂಲಿಗಳ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇಲ್ಲ. ಬೇಲಿ ಬಿದ್ದ ಮೇಲೆ ಕುರಿ, ಮೇಕೆ ಅಟ್ಟುವ ಬಯಲೂ ಹೋಯಿತು. ಪಾರ್ಕ್ ಕಟ್ಟುವಾಗ ಸಿಕ್ಕ ಕೆಲಸ ಕಟ್ಟಿ ಮುಗಿದ ಮೇಲೆ ಕರಗಿತು. ಉಳಿದದ್ದು ಕಾವಲು, ಹುಲ್ಲು ಕೊಯ್ಯುವುದು, ಫಲಕ ಒರೆಸುವುದು. ಬಾಡಿಗೆ ನೆಲಕ್ಕೆ ಸಿಕ್ಕಿತೇ ಹೊರತು, ಅದರ ಮೇಲೆ ದುಡಿದವರಿಗಲ್ಲ. ಯೋಜನೆಯ ಹೆಗ್ಗಳಿಕೆ ಹೇಳುವ ಭಾಷಣಗಳಲ್ಲಿ ಈ ಲೆಕ್ಕ ಬರುವುದು ಅಪರೂಪ.

ಸೂರ್ಯ ಮುಳುಗಿದ ಮೇಲೆ ಈ 2,050 ಮೆಗಾವಾಟ್ ಸೊನ್ನೆ. ಬೆಂಗಳೂರಿನ ಮನೆಗಳಲ್ಲಿ ದೀಪ, ಟೀವಿ, ಮಿಕ್ಸಿ ಎಲ್ಲ ಒಟ್ಟಿಗೆ ಶುರುವಾಗುವುದು ಸರಿಯಾಗಿ ಆ ಹೊತ್ತಿಗೇ. ಆಗ ಭಾರ ಹೊರುವುದು ಶರಾವತಿ, ರಾಯಚೂರು, ಬಳ್ಳಾರಿಯ ವಿದ್ಯುತ್ ಸ್ಥಾವರಗಳು. ಹಗಲಲ್ಲಿ ಮಿಕ್ಕ ಕರೆಂಟಿನಿಂದ ಶರಾವತಿ ಕಣಿವೆಯ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆ ಜಲಾಶಯಕ್ಕೆ ಮೇಲೆತ್ತಿ, ಬೇಡಿಕೆಯ ಹೊತ್ತಿಗೆ ಕೆಳಕ್ಕೆ ಬಿಡುವ ಪಂಪ್ಡ್ ಸ್ಟೋರೇಜ್ ಯೋಜನೆಯ ಹಿಂದಿರುವುದು ಇದೇ ಲೆಕ್ಕಾಚಾರ. ಅದಕ್ಕೆ ಮಲೆನಾಡಿನಲ್ಲಿ ಕಾಡು ಕಡಿಯಬೇಕಾಗುತ್ತದೆಂದು ದೊಡ್ಡ ವಿರೋಧವಿದೆ. ಬಯಲುಸೀಮೆಯ ಬಿಸಿಲಿನ ಖರ್ಚಿನ ಒಂದು ಪಾಲನ್ನು ಹೀಗೆ ಸಿಂಗಳೀಕಗಳ ಕಾಡಿನ ಮೇಲೂ ಬರೆಯಲಾಗುತ್ತಿದೆ.