ಗೊತ್ತಿದ್ದ ತಂತಿಗೇ ಡಿಕ್ಕಿ

ಬೆಳೆಗೆ ಔಷಧಿ ಹೊಡೆಯುವ ಹೆಲಿಕಾಪ್ಟರು ಪೈರಿನ ತುದಿಯಿಂದ ಮೂರು ನಾಲ್ಕು ಮೀಟರ್ ಮೇಲೆ, ಗಂಟೆಗೆ 100 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುತ್ತದೆ. ಕರೆಂಟಿನ ತಂತಿಗಳಿರುವುದೂ ಆ ಮಟ್ಟದಲ್ಲೇ, ತುಸು ಮೇಲೆ. ಕಾಣದ ತಂತಿಗೆ ಸಿಕ್ಕಿಬೀಳುತ್ತಾರೆ ಅಂದುಕೊಳ್ಳುವುದು ಸಹಜ. ಆದರೆ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ ಕೃಷಿ ಹಾರಾಟದ ಇಂಥ ಅವಘಡಗಳನ್ನು ಕೆದಕಿದಾಗ ಸಿಕ್ಕಿದ್ದು ಬೇರೆಯೇ ಲೆಕ್ಕ: ಶೇ. 63ರಷ್ಟು ಪೈಲಟ್‌ಗಳಿಗೆ ಅಲ್ಲಿ ತಂತಿಯಿದೆ ಎಂಬುದು ಮೊದಲೇ ಗೊತ್ತಿತ್ತು.

ತಂತಿ ಕಣ್ಣಿಗೆ ಬೀಳುವುದು ಕಷ್ಟ ಎಂಬುದೂ ಸುಳ್ಳಲ್ಲ. ಅಲ್ಲಿನ ಒಳನಾಡಿನ ತಂತಿಯನ್ನೇ ನೋಡಿ. ದೂರದೂರದ ಒಂಟಿಮನೆಗಳಿಗೆ ಅಗ್ಗದಲ್ಲಿ ಕರೆಂಟ್ ಕೊಡಲು ಒಂದೇ ತಂತಿ ಎಳೆದಿರುತ್ತಾರೆ. ಕರೆಂಟು ವಾಪಸು ಹೋಗಲು ನೆಲವೇ ದಾರಿ. 1925ರ ಸುಮಾರಿಗೆ ನ್ಯೂಜಿಲೆಂಡಿನ ಲಾಯ್ಡ್ ಮಂಡೇನೊ ರೂಪಿಸಿದ ಏರ್ಪಾಡಿದು. 2.75 ಮಿ.ಮೀ. ದಪ್ಪದ ಮೂರು ಉಕ್ಕಿನ ಎಳೆ ಹೊಸೆದ ಈ ತಂತಿ ಪೆನ್ಸಿಲಿಗಿಂತ ತೆಳು. ಉಕ್ಕಾದ್ದರಿಂದ ಬಿಗಿದು ಎಳೆಯಬಹುದು. ಗುಡ್ಡದಿಂದ ಗುಡ್ಡಕ್ಕೆ ಒಂದು ಕಿಲೋಮೀಟರ್‌ವರೆಗೂ ನಡುವೆ ಕಂಬವೇ ಇಲ್ಲದೆ ಹಾಯಿಸಬಹುದು. ಎಂಜಿನಿಯರ್‌ಗೆ ಹೆಮ್ಮೆ ತರುವ ಈ ಗುಣವೇ ಪೈಲಟ್‌ಗೆ ಕಂಟಕ. ಏಕೆಂದರೆ ಆತ ಹುಡುಕುವುದು ಕಂಬವನ್ನು. ಅದರ ನೆತ್ತಿಯ ಪಿಂಗಾಣಿ ಕೂತ ರೀತಿ ನೋಡಿ ತಂತಿ ಎತ್ತ ಹೊರಟಿದೆಯೆಂದು ಊಹಿಸುತ್ತಾನೆ. ಕಂಬ ಮರಗಳ ಮರೆಯಲ್ಲಿದ್ದರೆ ಆ ಸುಳಿವೂ ಹೋಯಿತು. ಆಕಾಶದ ಬೆಳಕಿಗೆ ಎದುರಾಗಿ ಸಣ್ಣ ಗೆರೆಯನ್ನೂ ಕಣ್ಣು ಹಿಡಿಯುತ್ತದೆ. ಮಾಸಿದ ಬೂದು ತಂತಿಯ ಹಿಂದೆ ಒಣಹುಲ್ಲಿನ ಗುಡ್ಡವಿದ್ದರೆ ಎಂಥ ಕಣ್ಣೂ ಸೋಲುತ್ತದೆ.

ಹಾಗಾದರೆ ಗೊತ್ತಿದ್ದವರಿಗೆ ಏನಾಗುತ್ತದೆ? ಕೆಲಸ ಶುರುಮಾಡುವ ಮುನ್ನ ಮೇಲಿನಿಂದ ಸುತ್ತುಹಾಕಿ ತಂತಿಗಳನ್ನು ನಕ್ಷೆಯಲ್ಲಿ ಗುರುತಿಸಿಕೊಂಡಿರುತ್ತಾರೆ. ಆಮೇಲೆ ಗಾಳಿ ತಿರುಗಿತೇ, ಔಷಧಿ ಪಕ್ಕದ ಹೊಲಕ್ಕೆ ತೂರುತ್ತಿದೆಯೇ, ಜಿಪಿಎಸ್ ತೋರಿಸಿದ ಸಾಲು ತಪ್ಪಿತೇ, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ, ಇವೇ ತಲೆತುಂಬ. ಹತ್ತು ಸಲ ಸಲೀಸಾಗಿ ದಾಟಿದ ತಂತಿ ಗಮನದಿಂದ ಜಾರುತ್ತದೆ. ಹೊಲದ ಅಂಚು, ಮೂಲೆಗಳಲ್ಲಿ ಉಳಿದುದನ್ನು ಅಡ್ಡಲಾಗಿ ಹೊಡೆದು ಮುಗಿಸುವ ಕೊನೆಯ ಸುತ್ತು ಇನ್ನೂ ನಾಜೂಕಿನದು. ಹಾರುವ ದಿಕ್ಕು ಬದಲಾಗಿರುತ್ತದೆ, ಮನಸ್ಸಿನಲ್ಲಿರುವ ನಕ್ಷೆ ಹಳೆಯದೇ. ಸೆಕೆಂಡಿಗೆ 28 ಮೀಟರ್ ಸಾಗುವಾಗ ನೆನಪಾದರೂ ತಡವೇ. ಇದಕ್ಕೆ ‘ಅಜಾಗರೂಕತೆ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಹೆಲಿಕಾಪ್ಟರಿನ ಮೂತಿಯ ಮೇಲೆ, ಕೆಳಗೆ ತಂತಿ ಕತ್ತರಿಸುವ ಅಲಗು ಕೂರಿಸುವುದುಂಟು. 1979ರಲ್ಲಿ ಅಮೆರಿಕದ ಸೇನೆ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಇದನ್ನು ಪರೀಕ್ಷಿಸಿತ್ತು. ತಂತಿ ನೇರ ಮೂತಿಗೇ ಸಿಕ್ಕರೆ, ವೇಗವೂ ಸಾಕಷ್ಟಿದ್ದರೆ ಅದು ಕತ್ತರಿಸೀತು. ರೋಟರಿಗೋ ಬಾಲಕ್ಕೋ ಸುತ್ತಿಕೊಂಡರೆ ಇಲ್ಲ. ಹಾಗಾಗಿ ಪಳಗಿದವರು ಕೊನೆಯ ಸುತ್ತಿಗೆ ಮೊದಲು ಸ್ಪ್ರೇ ನಿಲ್ಲಿಸಿ, ಮೇಲೇರಿ, ಗೊತ್ತಿರುವ ಹೊಲವನ್ನೇ ಮತ್ತೊಮ್ಮೆ ನೋಡಿಕೊಂಡು ಇಳಿಯುತ್ತಾರೆ.