ಕಾಡಿನ ಬಂದೂಕಿಗೆ ಹೊಣೆ ಯಾರು?

ಶಿಕಾರಿಪುರ, ಸೊರಬ ಘಟ್ಟದ ಮೇಲಿನ ಊರುಗಳು, ಕರಾವಳಿಯವರಾದ ನಮಗೇನು ಎಂದು ಕೆಲವರು ಕೇಳಬಹುದು. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಆ ಎರಡು ಕ್ಷೇತ್ರಗಳೂ ನಮ್ಮ ಬೈಂದೂರೂ ಶಿವಮೊಗ್ಗ ಲೋಕಸಭಾ ಕ್ಷೇತ್ರದೊಳಗಿವೆ. ಸೊರಬವು ಎಸ್. ಬಂಗಾರಪ್ಪನವರನ್ನು, ಶಿಕಾರಿಪುರವು ಬಿ.ಎಸ್. ಯಡಿಯೂರಪ್ಪನವರನ್ನು ಮುಖ್ಯಮಂತ್ರಿ ಪದವಿಗೆ ಕಳುಹಿಸಿದೆ. ಅಲ್ಲಿ ಹಾಕಿದ ಮತದ ಪರಿಣಾಮ ಹೆಬ್ರಿ, ಕಾರ್ಕಳದ ಕಾಡಂಚಿನ ಮನೆಗಳಿಗೂ ತಟ್ಟುತ್ತದೆ.

ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಸರ್ಕಾರವನ್ನು ಮತದಿಂದ ಬದಲಿಸುವ ದಾರಿ ಆಗ ಅವರಿಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಸೊರಬದ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಶಸ್ತ್ರ ಹಿಡಿಯದೆ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ತಡವಾದರೂ ಮತದ ದಾರಿ ಫಲ ಕೊಟ್ಟಿತು.

ಮತದ ದಾರಿ ಇದ್ದರೂ ನಮ್ಮ ಮಲೆನಾಡಿನಲ್ಲಿ ಬಂದೂಕು ಬಂತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಭಯದ ನಡುವೆ ನಕ್ಸಲರು ನೆಲೆಯೂರಿದರು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಹತರಾದರು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದರು. 2024ರ ನವೆಂಬರ್ 18ರಂದು ಹೆಬ್ರಿ ತಾಲೂಕಿನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತರು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಇದಕ್ಕೆ ಶಾಂತಿ ಬಯಸಿದ ನಾಗರಿಕರ ಮಧ್ಯಸ್ಥಿಕೆಯೂ ನೆರವಾಯಿತು.

ಹಾಗಾದರೆ ಹೊಣೆ ಯಾರದು? ಸರ್ಕಾರದ ಹೊಣೆ ಮೂರು ಬಗೆಯದು.

ಒಂದು, ತನ್ನ ಗಡಿಯೊಳಗೆ ಯಾವ ಖಾಸಗಿ ಸೇನೆಗೂ ಎಡೆ ಕೊಡಬಾರದು. ಯಾವ ದೇಶವೂ ತಿಳಿದೂ ತಿಳಿದೂ ತನ್ನ ನೆಲವನ್ನು ಇತರ ದೇಶಗಳ ಹಕ್ಕಿಗೆ ಧಕ್ಕೆ ತರುವ ಕೃತ್ಯಕ್ಕೆ ಬಿಟ್ಟುಕೊಡಬಾರದೆಂದು ಅಂತರರಾಷ್ಟ್ರೀಯ ನ್ಯಾಯಾಲಯ 1949ರಲ್ಲೇ ಹೇಳಿದೆ. ನೆರೆ ದೇಶಕ್ಕೆ ಸಲ್ಲುವ ಈ ಕರ್ತವ್ಯ ಸ್ವಂತ ಪ್ರಜೆಗಳಿಗೆ ಇನ್ನೂ ಹೆಚ್ಚಾಗಿ ಸಲ್ಲಬೇಕು.

ಎರಡು, ಸರ್ಕಾರವೂ ಕಾನೂನಿನೊಳಗೇ ಇರಬೇಕು. ಛತ್ತೀಸ್‌ಗಢದಲ್ಲಿ ಆದಿವಾಸಿ ಯುವಕರ ಕೈಗೆ ಬಂದೂಕು ಕೊಟ್ಟು ನಕ್ಸಲರ ವಿರುದ್ಧ ಬಿಟ್ಟದ್ದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನಬಾಹಿರ ಎಂದಿತು.

ಮೂರು, ಬಂದೂಕಿಗೆ ನೆಪವಾಗುವ ಅನ್ಯಾಯವನ್ನು ನಿವಾರಿಸಬೇಕು. ಬಗರ್‌ಹುಕುಂ ಅರ್ಜಿಯಾಗಲಿ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಯಾಗಲಿ ಕಚೇರಿಯಲ್ಲಿ ಧೂಳು ತಿನ್ನಬಾರದು. ಅನ್ಯಾಯವಾಗಿದೆ ಎಂಬುದು ಕೊಲೆಯನ್ನು ಸಮರ್ಥಿಸುವುದಿಲ್ಲ. ಕೊಲೆ ನಡೆದಿದೆ ಎಂಬುದು ಅನ್ಯಾಯವನ್ನು ಮುಚ್ಚುವುದೂ ಇಲ್ಲ.

ಈ ಮೂರನ್ನೂ ಮಾಡುವ ಸರ್ಕಾರವನ್ನು ಆರಿಸುವವರು ನಾವೇ. ಮತದಾನ ಹಕ್ಕು ಮಾತ್ರವಲ್ಲ, ಸರ್ವರ ಹಿತಕ್ಕಾಗಿ ಮಾಡಬೇಕಾದ ಕರ್ತವ್ಯ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ತಮ್ಮನ ರಕ್ತದ ಲೆಕ್ಕವನ್ನು ದೇವರು ಕಾಯಿನನಲ್ಲಿ ಕೇಳಿದರು. ಸತ್ತ ಪೊಲೀಸನೂ ಸತ್ತ ನಕ್ಸಲನೂ ಯಾರೋ ತಾಯಿಯ ಮಕ್ಕಳೇ. ಆದುದರಿಂದ ಮತ ಕೇಳಲು ಬರುವವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳೋಣ: ಶರಣಾದವರಿಗೆ ಕೊಟ್ಟ ಮಾತು ಉಳಿಸುತ್ತೀರಾ? ಕಾಡಂಚಿನವರ ಅರ್ಜಿ ವಿಲೇವಾರಿ ಮಾಡುತ್ತೀರಾ? ನಿಮ್ಮ ಪಕ್ಷದ ಹೆಸರಿನಲ್ಲಿ ಯಾರಾದರೂ ಆಯುಧ ಹಿಡಿದರೆ ತಡೆಯುತ್ತೀರಾ? ಉತ್ತರ ಕೇಳಿಸಿಕೊಂಡು ಮತ ಹಾಕೋಣ.