ಒಂದು ಫೋನು, ನಲವತ್ತು ಮಕ್ಕಳು: ಶಾಲೆಯಂಗಳದಲ್ಲಿ ಚಿತ್ರತಂತ್ರ

ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ‘ಪಾಠೋಪಕರಣ’ ಎಂಬ ಕಲಮಿನ ಎದುರು ‘ವಿಡಿಯೊ’ ಎಂದು ಬರೆಯುವುದು ಈಚೆಗೆ ಹೆಚ್ಚಾಗಿದೆ. ಪಾಠ ವೀಕ್ಷಣೆಗೆ ಹಿಂದಿನ ಬೆಂಚಿನಲ್ಲಿ ಕುಳಿತಾಗ ನಾನು ಕಾಣುವುದು ಬಹುಮಟ್ಟಿಗೆ ಒಂದೇ ಕ್ರಮ. ಎಲ್ಲಿಂದಲೋ ಇಳಿಸಿಕೊಂಡ ನಾಲ್ಕು ನಿಮಿಷದ ಚಿತ್ರ ಓಡುತ್ತದೆ, ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ, ಮುಗಿದ ಮೇಲೆ ‘ಏನು ನೋಡಿದಿರಿ?’ ಎಂದರೆ ‘ಚೆನ್ನಾಗಿತ್ತು ಸರ್’ ಎನ್ನುತ್ತಾರೆ. ಆ ನಾಲ್ಕು ನಿಮಿಷ ಅವರು ಪ್ರೇಕ್ಷಕರು, ಅಷ್ಟೇ. ಅದೇ ಮಕ್ಕಳು ಅದೇ ಶಾಲೆಯ ಅಂಗಳದಲ್ಲಿ ಒಂದೇ ನಿಮಿಷದ ಚಿತ್ರವನ್ನು ತಾವೇ ತೆಗೆದರೆ ಪಾಠ ಬೇರೆಯೇ ಆಗುತ್ತದೆ. ಕಳೆದ ಕೆಲವು ತಂಡಗಳೊಡನೆ ನಾನು ಇದನ್ನು ಮಾಡಿಸುತ್ತಿದ್ದೇನೆ. ಬೇಕಾಗುವ ಸಾಮಾನು ಪ್ರಶಿಕ್ಷಣಾರ್ಥಿಯ ಜೇಬಿನಲ್ಲಿರುವ ಫೋನು ಮತ್ತು ಶಾಲೆಯಲ್ಲಿ ಸಿಗುವ ವಸ್ತುಗಳು ಮಾತ್ರ.

ನಾನು ಹೇಳುತ್ತಿರುವುದು ಆ್ಯಪಿನಲ್ಲಿ ಒಂದು ಗುಂಡಿ ಒತ್ತಿ ಮೇಲೆ ಅಂಟಿಸುವ ಮಿಂಚು, ಬೆಂಕಿಗಳ ಮಾತಲ್ಲ. ಕ್ಯಾಮೆರಾದ ಮುಂದೆಯೇ ನಡೆಯುವ ತಂತ್ರಗಳ ಮಾತು. ಇವೆಲ್ಲವೂ ಕ್ಯಾಮೆರಾದ ಎರಡು ಗುಣಗಳಿಂದ ಹುಟ್ಟುತ್ತವೆ. ಒಂದು, ಅದು ಒಕ್ಕಣ್ಣಿನದು, ಹತ್ತಿರ ದೂರಗಳ ಭೇದ ಅದಕ್ಕೆ ಸರಿಯಾಗಿ ತಿಳಿಯದು. ಇನ್ನೊಂದು, ಅದು ಕಾಲವನ್ನು ತುಂಡು ತುಂಡಾಗಿ ನೋಡುತ್ತದೆ, ಆ ತುಂಡುಗಳ ನಡುವೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ಪ್ರಶಿಕ್ಷಣಾರ್ಥಿ ಈ ಎರಡನ್ನು ಮನದಟ್ಟು ಮಾಡಿಕೊಂಡರೆ ಉಳಿದದ್ದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ.

ಕಾಲದ ತಂತ್ರದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ನಮ್ಮ ದೇಶದ ಸಿನಿಮಾ ಇತಿಹಾಸವೂ ಒಂದರ್ಥದಲ್ಲಿ ಅಲ್ಲಿಂದಲೇ ಆರಂಭವಾಯಿತು. ದಾದಾಸಾಹೇಬ ಫಾಲ್ಕೆ 1913ರಲ್ಲಿ ತೆರೆಕಂಡ ‘ರಾಜಾ ಹರಿಶ್ಚಂದ್ರ’ಕ್ಕೆ ಕೈಹಾಕುವ ಮೊದಲು ಒಂದು ಕಿರುಚಿತ್ರ ಮಾಡಿದರು. ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮೆರಾವನ್ನು ಅದರ ಮುಂದೆ ಇಟ್ಟು, ದಿನದಿನವೂ ಚಿತ್ರ ತೆಗೆದು, ಕಾಳು ಮೊಳೆತು ಬಳ್ಳಿಯಾಗುವುದನ್ನು ತೆರೆಯ ಮೇಲೆ ಕ್ಷಣಗಳಲ್ಲಿ ತೋರಿಸಿದರು. ಸಿನಿಮಾಕ್ಕೆ ಹಣ ಹಾಕುವವರಿಗೆ ನಂಬಿಕೆ ಬರಲೆಂದು ಮಾಡಿದ್ದು ಅದು. ಇಷ್ಟು ಸರಳವಾದ, ಇಷ್ಟು ಅಗ್ಗದ ತಂತ್ರ ಒಂದು ಉದ್ಯಮಕ್ಕೇ ಬಾಗಿಲು ತೆರೆಯಿತು ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಉತ್ಸಾಹವೇ ಬೇರೆ.

ನಾವು ಬಟಾಣಿಗಿಂತ ಬೇಗ ಮೊಳೆಯುವ ಹೆಸರುಕಾಳು ಆರಿಸಿಕೊಂಡೆವು. ಪ್ರತಿ ಅವಧಿಯ ಗಂಟೆ ಹೊಡೆದಾಗ ಒಂದು ಚಿತ್ರ. ದಿನಕ್ಕೆ 8 ಚಿತ್ರದಂತೆ 6 ದಿನಕ್ಕೆ 48. ಸೆಕೆಂಡಿಗೆ 6 ಚಿತ್ರದ ವೇಗದಲ್ಲಿ ಓಡಿಸಿದರೆ 8 ಸೆಕೆಂಡಿನ ಸಿನಿಮಾ. ತೊಡಕಿರುವುದು ಬೇರೆಡೆ: ಫೋನು ಸಂಜೆ ಮನೆಗೆ ಹೋಗಲೇಬೇಕು, ನಡುವೆ ಕರೆಗಳೂ ಬರುತ್ತವೆ. ಆದ್ದರಿಂದ ಫೋನನ್ನಲ್ಲ, ಫೋನಿನ ಜಾಗವನ್ನು ಸ್ಥಿರಪಡಿಸಬೇಕು. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಲೆನ್ಸಿನ ಅಳತೆಗೆ ತೂತು ಕೊರೆದು, ಫೋನು ಕೂರುವ ಸುತ್ತ ರಟ್ಟಿನ ಅಂಚು ಅಂಟಿಸಿ, ಪೆಟ್ಟಿಗೆಯನ್ನು ಮೇಜಿಗೆ ಟೇಪಿನಿಂದ ಬಿಗಿದುಬಿಡುವುದು. ಕುಂಡದ ಬುಡಕ್ಕೂ ಸೀಮೆಸುಣ್ಣದ ಗುರುತು. ಇಷ್ಟಾದರೆ ಯಾರು ಬಂದು ಫೋನು ಇಟ್ಟರೂ ಚಿತ್ರ ಅಲುಗದು.

ಓಡಿಸಿ ನೋಡಿದಾಗ ಮೊಳಕೆ ಪ್ರತಿ ಎಂಟು ಚಿತ್ರಕ್ಕೊಮ್ಮೆ ಜಿಗಿಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು, ‘ಮಿಸ್, ಅದು ರಾತ್ರೀನೂ ಬೆಳೀತದಾ?’ ಎಂದು ಕೇಳಿದಳು. ಗಿಡ ಕಿಟಕಿಯ ಕಡೆಗೆ ವಾಲುತ್ತಿರುವುದನ್ನು ಇನ್ನೊಬ್ಬ ಗಮನಿಸಿದ. ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ವಿಷಯಗಳಿವು. ಇಳಿಸಿಕೊಂಡ ವಿಡಿಯೊದಲ್ಲಿ ಆ ಜಿಗಿತ ಇರುತ್ತಿರಲಿಲ್ಲ, ಆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ವಸ್ತುಗಳನ್ನು ಚೂರು ಚೂರೇ ಸರಿಸಿ ಚಿತ್ರ ತೆಗೆಯುವ ಸ್ಟಾಪ್ ಮೋಷನ್ ಕೂಡ ಇದೇ ಜಾತಿಯದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಆದರೆ ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೆ 12 ಚಿತ್ರ ಸಾಕು. ಅಂದರೆ 10 ಸೆಕೆಂಡಿಗೆ 120 ಚಿತ್ರ. 40 ಮಕ್ಕಳ ತರಗತಿಯಲ್ಲಿ ತಲೆಗೆ ಮೂರು ಸಲ ಕೈಯಾಡಿಸುವ ಅವಕಾಶ. ಹುಣಸೆಬೀಜಗಳು ಸಾಲುಗಟ್ಟಿ ಬಂದು ‘ಅ’ ಅಕ್ಷರವಾಗುವುದನ್ನು ನಲಿ-ಕಲಿ ಮಕ್ಕಳಿಗಾಗಿ ದೊಡ್ಡ ತರಗತಿಯವರು ಮಾಡಿಕೊಟ್ಟರು. ಬೀಜ ಬರೆಯುವ ಕ್ರಮದಲ್ಲೇ ಸಾಗಬೇಕಲ್ಲ, ಹಾಗಾಗಿ ಅಕ್ಷರವನ್ನು ಎಲ್ಲಿಂದ ಆರಂಭಿಸಿ ಎಲ್ಲಿಗೆ ತಿರುಗಿಸಬೇಕು ಎಂಬ ಬಗ್ಗೆ ಅವರೊಳಗೇ ದೊಡ್ಡ ಚರ್ಚೆ ನಡೆಯಿತು.

ಇನ್ನು ಮಾಯವಾಗುವ ತಂತ್ರ. ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್ 1896ರಲ್ಲೇ ಕುರ್ಚಿಯಲ್ಲಿ ಕುಳಿತ ಹೆಂಗಸನ್ನು ತೆರೆಯ ಮೇಲೆ ಮಾಯ ಮಾಡಿದ್ದ. ಮಾಡಿದ್ದಿಷ್ಟೇ: ಕ್ಯಾಮೆರಾ ನಿಲ್ಲಿಸಿ, ಆಕೆಯನ್ನು ಎಬ್ಬಿಸಿ ಕಳಿಸಿ, ಮತ್ತೆ ಓಡಿಸಿದ್ದು. ಇಂದಿನ ಅನೇಕ ಫೋನುಗಳಲ್ಲಿ ವಿಡಿಯೊ ತೆಗೆಯುವಾಗಲೇ ನಡುವೆ ತಡೆಯುವ ಗುಂಡಿ ಇದೆ. ಇಲ್ಲದಿದ್ದರೆ ಎರಡು ತುಂಡು ತೆಗೆದು ಜೋಡಿಸಿದರಾಯಿತು. ಕಷ್ಟ ಬರುವುದು ಮೂರು ಕಡೆ. ಗುಂಡಿ ಒತ್ತುವಾಗ ಫೋನು ನಡುಗುತ್ತದೆ. ಬೆಂಚಿನ ಮೇಲೆ ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ, ವಯರಿನ ಇಯರ್‌ಫೋನಿದ್ದರೆ ಅದರ ಧ್ವನಿಗುಂಡಿ ಒತ್ತಿ ನೋಡಿ, ಹಲವು ಫೋನುಗಳಲ್ಲಿ ಅದೇ ಕ್ಯಾಮೆರಾದ ಗುಂಡಿಯಾಗಿ ಕೆಲಸ ಮಾಡುತ್ತದೆ. ಎರಡನೆಯದು, ವ್ಯಕ್ತಿ ಸರಿದೊಡನೆ ಫೋನು ತಾನಾಗಿಯೇ ಬೆಳಕು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ, ಗುಟ್ಟು ಬಯಲಾಗುತ್ತದೆ. ಪರದೆಯ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಬೆಳಕು ಮತ್ತು ಫೋಕಸ್ ಕದಲದಂತೆ ಬೀಗ ಬೀಳುತ್ತದೆ. ಮೂರನೆಯದು ಮೋಡ. ಅದಕ್ಕೆ ಬೀಗವಿಲ್ಲ, ನೆರಳಿನಲ್ಲಿ ಚಿತ್ರಿಸುವುದೇ ದಾರಿ. ತರಗತಿಯೊಳಗೆ ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಪಟ್ಟೆ ಪಟ್ಟೆ ಬರಬಹುದು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಕ್ಯಾಮೆರಾ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಆಯ್ಕೆ ಇದ್ದರೆ ಅದನ್ನು ಆರಿಸಬೇಕು.

ಈ ಮಾಯದ ಆಟಕ್ಕೆ ತರಗತಿಯಲ್ಲಿ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಫೋಟೊದಿಂದ ವಿಭೂತಿ ಉದುರಿತು, ವಿಗ್ರಹ ಕಣ್ಣು ತೆರೆಯಿತು ಎಂಬ ವಿಡಿಯೊಗಳು ಹಳ್ಳಿಯ ಎಲ್ಲ ಫೋನುಗಳಿಗೂ ಬರುತ್ತವೆ. ಅವನ್ನು ನಂಬಬೇಡಿ ಎಂದು ಉಪನ್ಯಾಸ ಮಾಡಿದರೆ ಮಕ್ಕಳು ಮನೆಯವರ ಮತ್ತು ಮೇಷ್ಟ್ರ ನಡುವೆ ಸಿಕ್ಕಿಕೊಳ್ಳುತ್ತಾರೆ. ತಾವೇ ಒಮ್ಮೆ ಗೆಳೆಯನನ್ನು ಮಾಯ ಮಾಡಿದ ಮಗು ಯಾರಿಗೂ ಎದುರಾಡಬೇಕಾಗಿಲ್ಲ. ವಿಡಿಯೊ ಬಂದಾಗ ನೆರಳು ಜಿಗಿಯಿತೇ, ಹಿಂದಿನ ಎಲೆ ಸರಿಯಿತೇ ಎಂದು ನೋಡುತ್ತದೆ. ಇದಕ್ಕಾಗಿ ನಾನು ಒಂದು ಪಟ್ಟು ಹಿಡಿಯುತ್ತೇನೆ: ಚಿತ್ರವನ್ನು ಬೇರೆ ತರಗತಿಗೆ ತೋರಿಸುವಾಗ, ಅದನ್ನು ಹೇಗೆ ತೆಗೆದೆವೆಂಬ ತುಣುಕನ್ನೂ ಕೂಡಲೇ ತೋರಿಸಬೇಕು.

ಇದೇ ತುಂಡುಕಾಲದ ಇನ್ನೊಂದು ಆಟಕ್ಕೆ ಪನೋರಮಾ ಸಾಕು. ಫೋನನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸುತ್ತಿರುವಾಗ ಎಡತುದಿಯ ಹುಡುಗ ಚಿತ್ರ ತೆಗೆಯುವವರ ಬೆನ್ನ ಹಿಂದಿನಿಂದ ಓಡಿ ಬಲತುದಿಗೆ ನಿಂತರೆ ಒಂದೇ ಚಿತ್ರದಲ್ಲಿ ಇಬ್ಬರಾಗುತ್ತಾನೆ. 1977ರ ‘ಬಭ್ರುವಾಹನ’ದಲ್ಲಿ ರಾಜಕುಮಾರ್ ಅರ್ಜುನನೂ ಆಗಿ ಬಭ್ರುವಾಹನನೂ ಆಗಿ ಎದುರು ಬದುರು ನಿಂತದ್ದನ್ನು ಟಿವಿಯಲ್ಲಿ ನೋಡಿದ ಮಕ್ಕಳಿಗೆ ಈ ದ್ವಿಪಾತ್ರದ ಹುಚ್ಚು ಹಿಡಿದರೆ ಬಿಡಿಸುವುದು ಕಷ್ಟ.

ಗಾತ್ರದ ತಂತ್ರ ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ಸೇರಿದ್ದು. ಹತ್ತಿರದ ಲೋಟದ ಮೇಲೆ ದೂರದ ಹುಡುಗಿ ಪುಟ್ಟದಾಗಿ ನಿಂತಂತೆ ಕಾಣಿಸುವ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅಂದಾಜಿನ ಮೇಲೆ ಮಾಡದೆ ಲೆಕ್ಕ ಹಾಕಿ ಮಾಡಿಸಿ. 12 ಸೆಂ.ಮೀ. ಎತ್ತರದ ಲೋಟವನ್ನು ಕ್ಯಾಮೆರಾದಿಂದ 60 ಸೆಂ.ಮೀ. ದೂರದಲ್ಲಿಡಿ. 120 ಸೆಂ.ಮೀ. ಎತ್ತರದ ಹುಡುಗಿ 6 ಮೀಟರ್ ದೂರದಲ್ಲಿ ನಿಂತರೆ ಲೋಟದಷ್ಟೇ ಎತ್ತರ ಕಾಣುತ್ತಾಳೆ, 12 ಮೀಟರಿನಲ್ಲಿ ಅರ್ಧ, 18 ಮೀಟರಿನಲ್ಲಿ ಮೂರನೆಯ ಒಂದು ಭಾಗ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳೇ ಇವು. ಮಕ್ಕಳು ಮೊದಲು ಲೆಕ್ಕ ಬರೆದು, ಆಟದ ಮೈದಾನದಲ್ಲಿ ಟೇಪು ಹಿಡಿದು ಗುರುತು ಹಾಕಿ, ಆಮೇಲೆ ಫೋನಿನಲ್ಲಿ ನೋಡಬೇಕು. ಹತ್ತಿರದ್ದು ದೂರದ್ದು ಎರಡೂ ಸ್ಪಷ್ಟವಾಗಿ ಬರಬೇಕಾದರೆ ಒಳ್ಳೆಯ ಬಿಸಿಲು ಬೇಕು. ಇಲ್ಲಿ ಅಗ್ಗದ ಫೋನಿನದೇ ಮೇಲುಗೈ, ಅದರೊಳಗಿನ ಸೆನ್ಸರ್ ಚಿಕ್ಕದಾದಷ್ಟೂ ಸ್ಪಷ್ಟತೆಯ ಆಳ ಹೆಚ್ಚು. ಪಾದ ನೆಲ ಮುಟ್ಟುವ ಜಾಗವನ್ನು ಲೋಟದ ಅಂಚು ಮರೆಮಾಡುವಂತೆ ಫೋನನ್ನು ಮೇಲೆ ಕೆಳಗೆ ಸರಿಸಿಕೊಳ್ಳಬೇಕು, ಮೋಸ ಸಿಕ್ಕಿಬೀಳುವುದೇ ಅಲ್ಲಿ.

ಇಲ್ಲಿಂದ ಗ್ರಹಣಕ್ಕೆ ಒಂದೇ ಹೆಜ್ಜೆ. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು, ದೂರವೂ ಹೆಚ್ಚು ಕಡಿಮೆ 400 ಪಟ್ಟು. ಹಾಗಾಗಿಯೇ ಎರಡೂ ನಮಗೆ ಒಂದೇ ಗಾತ್ರ ಕಾಣುತ್ತವೆ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಗ್ರಹಣ ಕಂಡಿತಲ್ಲ, ಅಂದು ಚಂದ್ರ ತುಸು ದೂರದಲ್ಲಿದ್ದ, ಲೋಟದ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಂತೆ. ಹುಣ್ಣಿಮೆಯ ರಾತ್ರಿ ಈಗಿನ ಸಣ್ಣ ಒಂದು ರೂಪಾಯಿ ನಾಣ್ಯವನ್ನು ಗೆಳೆಯನ ಕೈಯಲ್ಲಿ ಹಿಡಿಸಿ, ಒಂದೇ ಕಣ್ಣಿನಿಂದ ನೋಡುತ್ತ, ಎಷ್ಟು ದೂರದಲ್ಲಿ ಚಂದ್ರ ಸರಿಯಾಗಿ ಮುಚ್ಚುತ್ತಾನೆ ಎಂದು ಅಳೆಯಲು ಮನೆಗೆಲಸ ಕೊಡಿ. ನಾಣ್ಯದ ವ್ಯಾಸ ಸುಮಾರು 22 ಮಿ.ಮೀ. ಇದ್ದರೆ ಉತ್ತರ ಎರಡೂವರೆ ಮೀಟರಿನ ಆಸುಪಾಸು ಬರುತ್ತದೆ. ಸೂರ್ಯನೊಡನೆ ಈ ಆಟ ಬೇಡವೆಂದು ಎರಡು ಸಲ ಹೇಳಿ.

ಮಳೆ, ಬೆಳಕು, ಸದ್ದುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬದ ನೀರು ಮಳೆಯಾಗುತ್ತದೆ, ಆದರೆ ಹನಿ ಕಾಣಬೇಕಾದರೆ ಬಿಸಿಲು ಹನಿಗಳ ಹಿಂದಿನಿಂದ ಬರಬೇಕು, ಅದರ ಹಿಂದೆ ಕಪ್ಪು ಹಲಗೆಯೋ ಗಿಡದ ನೆರಳೋ ಇರಬೇಕು. ಜಪಾನಿನ ಕುರೊಸಾವ 1950ರ ‘ರಶೋಮನ್’ನಲ್ಲಿ ಬೂದು ಆಕಾಶದ ಎದುರು ಮಳೆ ಕಾಣದೆ ಹೋದಾಗ ನೀರಿಗೆ ಕಪ್ಪು ಮಸಿ ಬೆರೆಸಿದರು. ಅದೇ ಚಿತ್ರದ ಕಾಡಿನ ದೃಶ್ಯಗಳಿಗೆ ಕನ್ನಡಿಯಿಂದ ಬಿಸಿಲು ಹಾಯಿಸಿದರು. ನಮಗೆ ಥರ್ಮೊಕೋಲ್ ಹಾಳೆ ಸಾಕು, ಮುಖದ ಮೇಲಿನ ಗಟ್ಟಿ ನೆರಳು ಮೆತ್ತಗಾಗುತ್ತದೆ. ಸದ್ದನ್ನು ಬೇರೆಯಾಗಿ ಧ್ವನಿಮುದ್ರಿಸಿ: ಮೊರದಲ್ಲಿ ರಾಗಿ ಹೊರಳಿಸಿದರೆ ಮಳೆ, ತಗಡಿನ ಹಾಳೆ ಅಲ್ಲಾಡಿಸಿದರೆ ಗುಡುಗು, ತೆಂಗಿನ ಚಿಪ್ಪು ತಟ್ಟಿದರೆ ಕುದುರೆ. ಬೆಂಕಿಯನ್ನು ಮಾತ್ರ ಹಚ್ಚಲೇಬೇಡಿ. ಟಾರ್ಚಿಗೆ ಕಿತ್ತಳೆ ಬಣ್ಣದ ಜಿಲೇಟಿನ್ ಕಾಗದ ಸುತ್ತಿ ಅದರ ಮುಂದೆ ಬೆರಳಾಡಿಸಿದರೆ ಮುಖದ ಮೇಲೆ ಜ್ವಾಲೆ ಕುಣಿಯುತ್ತದೆ, ಬೆಂಕಿಯನ್ನೇ ತೋರಿಸಬೇಕಾಗಿಲ್ಲ.

ಎಲ್ಲಿ ತಂತ್ರ ಬಳಸಬಾರದು ಎಂಬ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಕು. ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬರು ಅರಿಶಿನ ಕಾಗದ ಸಾಬೂನು ನೀರಿಗೆ ಕೆಂಪಾಗುವುದನ್ನು ಚಿತ್ರಿಸುತ್ತಿದ್ದರು. ಬಣ್ಣ ಮಂಕಾಗಿ ಬಂತು. ‘ಸರ್, ಕ್ಯಾಮೆರಾ ನಿಲ್ಲಿಸಿ ಕುಂಕುಮ ಹಚ್ಚಿದ ಕಾಗದ ಇಟ್ಟುಬಿಡಲಾ? ಮಕ್ಕಳಿಗೆ ಚೆನ್ನಾಗಿ ಕಾಣುತ್ತೆ’ ಎಂದರು. ಕೂಡದು ಎಂದೆ. ‘ಬಟಾಣಿ ಚಿತ್ರದಲ್ಲೂ ಮೋಸ ಇದೆಯಲ್ಲ ಸರ್’ ಎಂದು ವಾದ ಹೂಡಿದರು. ವಾದ ಸುಲಭದ್ದಲ್ಲ. ಬಟಾಣಿಯ ಚಿತ್ರ ಕಾಲವನ್ನು ಕುಗ್ಗಿಸಿತು, ಆದರೆ ಬಟಾಣಿ ನಿಜವಾಗಿ ಬೆಳೆದಿತ್ತು. ಕುಂಕುಮದ ಕಾಗದ ನಡೆಯದ್ದನ್ನು ನಡೆಯಿತು ಎನ್ನುತ್ತದೆ. ಆ ಚಿತ್ರ ನೋಡಿದ ಮಗು ಮನೆಯಲ್ಲಿ ಮಾಡಿ ನೋಡಿ, ಮಂಕು ಬಣ್ಣ ಬಂದಾಗ ತನ್ನ ಕೈಯೇ ಸರಿಯಿಲ್ಲವೆಂದುಕೊಳ್ಳುತ್ತದೆ. ಕೊನೆಗೆ ಅವರು ಬಿಳಿ ತಟ್ಟೆಯಲ್ಲಿ, ಬಾಗಿಲ ಬಳಿ, ಬಟ್ಟೆ ತೊಳೆಯುವ ಸೋಪಿನ ಗಟ್ಟಿ ದ್ರಾವಣದಿಂದ ಮತ್ತೆ ಮಾಡಿದರು. ಬಣ್ಣ ಚೆನ್ನಾಗಿಯೇ ಬಂತು. ಅಂದಿನಿಂದ ಕಾಲ ಕುಗ್ಗಿಸಿದ ಚಿತ್ರದ ಮೂಲೆಯಲ್ಲಿ ‘6 ದಿನ, 48 ಚಿತ್ರ’ ಎಂಬಂತೆ ಬರೆಯಿಸುತ್ತೇನೆ.

ಹಿಮ್ಮುಖವಾಗಿ ಓಡಿಸುವ ತಂತ್ರಕ್ಕೂ ಇಂಥದೇ ಎಚ್ಚರ ಬೇಕು, ಅದನ್ನು ಪ್ರಶ್ನೆಯಾಗಿ ಬಳಸಿದರೆ ಬಲು ಉಪಯುಕ್ತ. ಮಂಜುಗಡ್ಡೆ ಕರಗುವುದನ್ನೂ ಕಾಗದ ಹರಿಯುವುದನ್ನೂ ಹಿಂದಿನಿಂದ ಓಡಿಸಿ, ‘ಇದರಲ್ಲಿ ಯಾವುದು ನಿಜಕ್ಕೂ ಹೀಗೆ ಆಗಬಲ್ಲದು?’ ಎಂದು ಕೇಳಿ. ಬದಲಾವಣೆಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ.

ಸಮಯದ ಲೆಕ್ಕ: 40 ನಿಮಿಷದ ಒಂದು ಅವಧಿಯಲ್ಲಿ ಚಿತ್ರ ಮುಗಿಯುವುದಿಲ್ಲ, ಮೂರು ಬೇಕು. ಮೊದಲನೆಯದರಲ್ಲಿ ಚೌಕಟ್ಟು ಚೌಕಟ್ಟಾಗಿ ಚಿತ್ರ ಬರೆದು ಯೋಜನೆ, ಎರಡನೆಯದರಲ್ಲಿ ಚಿತ್ರೀಕರಣ, ಮೂರನೆಯದರಲ್ಲಿ ನೋಡಿ ಚರ್ಚೆ. ಎರಡು ವರ್ಷದ ಬಿ.ಎಡ್.ನಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಪತ್ರಿಕೆಯ ಪ್ರಾಯೋಗಿಕ ಕೆಲಸವಾಗಿ ಇದನ್ನು ಇಂಟರ್ನ್‌ಶಿಪ್ಪಿಗೆ ಜೋಡಿಸಿಕೊಂಡರೆ ಅವಧಿಗಾಗಿ ಮಾರ್ಗದರ್ಶಿ ಶಿಕ್ಷಕರನ್ನು ಕಾಡುವುದು ತಪ್ಪುತ್ತದೆ. ಫೋನು ಹಿಡಿಯುವ ಸರದಿಯನ್ನು ಮೊದಲೇ ಪಟ್ಟಿ ಮಾಡಿ, ಇಲ್ಲದಿದ್ದರೆ ಮನೆಯಲ್ಲಿ ಫೋನಿರುವ ಇಬ್ಬರು ಹುಡುಗರ ಕೈಯಲ್ಲೇ ಅದು ಉಳಿಯುತ್ತದೆ. ಮಕ್ಕಳ ಮುಖ ಬರುವ ಚಿತ್ರವಾದರೆ ಮುಖ್ಯಶಿಕ್ಷಕರ ಮತ್ತು ಪೋಷಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಕೂಡದು. ಇಂಟರ್ನ್‌ಶಿಪ್ ಮುಗಿಯುವ ದಿನ ಚಿತ್ರಗಳ ಪ್ರತಿಯನ್ನು ಶಾಲೆಯ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಕೊಟ್ಟು, ತಮ್ಮ ಫೋನಿನಲ್ಲಿರುವುದನ್ನು ಮಕ್ಕಳ ಎದುರಿಗೇ ಅಳಿಸಿ ಬರಬೇಕು.